ಮೂರು ಸಲ ಮುಟ್ಟಿ ನೋಡು

ನಾನು ಒಂದು ಟಾಂಗ್ ಟೆಸ್ಟರ್. ನನ್ನ ಡಬ್ಬಿಯ ಮೇಲೆ ಕ್ಲ್ಯಾಂಪ್ ಮೀಟರ್ ಎಂದು ಅಚ್ಚಾಗಿತ್ತು, ಆದರೆ ಹುಬ್ಬಳ್ಳಿಯ ಕರೆಂಟಿನ ಕೆಲಸದವರು ಯಾರೂ ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ. ಅಂಗೈಯಗಲದ ಮೈ, ತಲೆಯ ಕಡೆ ಇಕ್ಕಳದಂತೆ ತೆರೆದು ಮುಚ್ಚುವ ಬಾಯಿ, ಎದೆಯ ಮೇಲೆ ಅಂಕಿ ತೋರುವ ಗಾಜು, ಕೆಳಗೆ ಎರಡು ತೂತು. ಬಾಯೊಳಗೆ ಒಂದು ವೈರು ಹಿಡಿದರೆ ಅದನ್ನು ಕಚ್ಚದೆ, ಕೊಯ್ಯದೆ, ಅದರೊಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತೇನೆ. ಕೆಳಗಿನ ತೂತುಗಳಿಗೆ ಕೆಂಪು ಕಡ್ಡಿ, ಕರಿ ಕಡ್ಡಿ ಸಿಕ್ಕಿಸಿದರೆ, ಆ ಕಡ್ಡಿಗಳ ಮೊನೆ ಮುಟ್ಟಿದ ಕಡೆ ಕರೆಂಟು ಇದೆಯೋ ಇಲ್ಲವೋ ಹೇಳುತ್ತೇನೆ. ಇಷ್ಟೇ ನನ್ನ ವಿದ್ಯೆ.

ನಾನು ಹುಟ್ಟಿದ್ದು ಒಂದು ಉದ್ದನೆಯ ಮೇಜಿನ ಮೇಲೆ. ನೀಲಿ ಟೊಪ್ಪಿಗೆಯ ಹೆಂಗಸೊಬ್ಬಳು ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ, ತನಗೆ ಮೊದಲೇ ಗೊತ್ತಿರುವ ಕರೆಂಟನ್ನು ತೋರಿಸಿ, ಎಷ್ಟು ಎಂದು ಕೇಳುತ್ತಿದ್ದಳು. ಸರಿ ಹೇಳಿದವರ ಬೆನ್ನಿಗೆ ಹಸಿರು ಚೀಟಿ. ತಪ್ಪಿದವರು ಬದಿಯ ಕೆಂಪು ಬುಟ್ಟಿಗೆ. ನನ್ನ ಮುಂದಿದ್ದವನು ಒಂದೇ ಒಂದು ಅಂಕಿ ತಪ್ಪಿದ. ಅವನು ಬುಟ್ಟಿಗೆ ಬಿದ್ದ ಸದ್ದು ಕೇಳಿಸಿಕೊಂಡು ನಾನು ಅವಳ ಕೈಗೆ ಹೋದೆ. ನನಗೆ ಹಸಿರು ಚೀಟಿ ಸಿಕ್ಕಿತು. ಭಯ ಮಾತ್ರ ನನ್ನೊಡನೆಯೇ ಡಬ್ಬಿಯೊಳಗೆ ಬಂತು.

ನನ್ನನ್ನು ಮೊದಲು ಕೈಗೆ ತೆಗೆದುಕೊಂಡವರು ಹಳೇ ಹುಬ್ಬಳ್ಳಿಯ ಬುಡ್ನೇಸಾಬ ನದಾಫ. ಹಿಟ್ಟಿನ ಗಿರಣಿ, ಸಾ ಮಿಲ್ಲು, ಕಾರದಪುಡಿ ಕುಟ್ಟುವ ಮಷಿನ್ನು, ಎಲ್ಲೆಲ್ಲಿ ಮೋಟಾರು ತಿರುಗುತ್ತದೆಯೋ ಅಲ್ಲೆಲ್ಲ ಅವರಿಗೆ ಕೆಲಸ. ಹನ್ನೆರಡು ವರ್ಷ ಅವರ ಸೊಂಟದ ಚೀಲದಲ್ಲಿ ತೂಗಾಡಿದೆ. ನನ್ನ ಗಾಜಿನ ಮೇಲೆ ಹಿಟ್ಟು ಕೂತಿತು, ಕಟ್ಟಿಗೆ ಪುಡಿ ಕೂತಿತು, ಕಾರ ಕೂತಿತು. ಪ್ರತಿ ಸಂಜೆ ಅವರು ಹಳೆ ಬನಿಯನ್ನಿನ ತುಂಡಿನಿಂದ ನನ್ನನ್ನು ಒರೆಸಿ, ಬಾಯಿ ತೆರೆದು ಊದಿ, ಮುಚ್ಚಿ, ಆಮೇಲೆ ತಾವು ಕೈಕಾಲು ತೊಳೆಯುತ್ತಿದ್ದರು.

ಬುಡ್ನೇಸಾಬರಿಗೆ ಒಂದು ಕಟ್ಟುಪಾಡಿತ್ತು. ಯಾವುದೇ ವೈರಿನಲ್ಲಿ ಕರೆಂಟಿಲ್ಲ ಎಂದು ನಂಬುವ ಮೊದಲು ನನ್ನನ್ನು ಮೂರು ಸಲ ಮುಟ್ಟಿಸುವರು. ಮೊದಲು, ಕರೆಂಟು ಇದ್ದೇ ಇದೆ ಎಂದು ಗೊತ್ತಿರುವ ಕಡೆ. ನಾನು ಇದೆ ಎನ್ನಬೇಕು. ಆಮೇಲೆ, ಕೈ ಹಾಕಬೇಕಾದ ಕಡೆ. ನಾನು ಸೊನ್ನೆ ಎನ್ನಬೇಕು. ಆಮೇಲೆ ಮತ್ತೆ, ಇದೆ ಎಂದು ಗೊತ್ತಿರುವ ಕಡೆಗೇ ಹೋಗಬೇಕು, ನಾನು ಮತ್ತೆ ಇದೆ ಎನ್ನಬೇಕು. ನಡುವೆ ನಾನೇ ಮೂಕನಾಗಿಬಿಟ್ಟಿದ್ದರೆ? ಆ ಅನುಮಾನಕ್ಕಾಗಿ ಮೂರನೆಯ ಸಲ. ಅವರ ಬಲಗೈಯ ಕಿರುಬೆರಳು ಕೊಕ್ಕೆಯಂತೆ ಒಳಗೆ ಮಡಚಿಕೊಂಡಿತ್ತು. ನಾನು ಹುಟ್ಟುವ ಮೊದಲೇ ಒಂದು ಗಿರಣಿಯಲ್ಲಿ ಯಾವುದೋ ಮೀಟರಿನ ಸೊನ್ನೆಯನ್ನು ಒಂದೇ ಸಲಕ್ಕೆ ನಂಬಿದ್ದರು. ಆ ಬೆರಳು ನೋಡಿದಾಗಲೆಲ್ಲ ನನ್ನ ಭಯಕ್ಕೆ ಒಂದು ರೂಪ ಬರುತ್ತಿತ್ತು. ಇರುವುದನ್ನು ಹೆಚ್ಚುಕಡಿಮೆ ಹೇಳಿದರೆ ಲೆಕ್ಕ ತಪ್ಪೀತು. ಇರುವುದನ್ನು ಇಲ್ಲ ಎಂದುಬಿಟ್ಟರೆ ಒಂದು ಜೀವ ಹೋದೀತು. ಅದೊಂದು ಮಾತು ನನ್ನಿಂದ ಬಾರದಿರಲಿ ಎಂದು ನಾನು ದಿನವೂ ಬೇಡಿಕೊಳ್ಳುತ್ತಿದ್ದೆ.

ಮೊಣಕಾಲು ಹಿಡಿದು ಏಣಿ ಹತ್ತಲಾರದಂತಾದಾಗ ಬುಡ್ನೇಸಾಬರು ಊರಿನ ಒಂದು ತರಬೇತಿ ಕೇಂದ್ರಕ್ಕೆ ಮಾಸ್ತರರಾಗಿ ಹೋದರು. ನಾನೂ ಹೋದೆ. ಅಲ್ಲಿ ಕಲಿಸುತ್ತಿದ್ದದ್ದು ಹೊಸ ನಮೂನೆಯ ಕೆಲಸ. ಮನೆ ಮನೆಗೆ ಹೋಗಬೇಕು, ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಪತ್ತೆ ಹಚ್ಚಬೇಕು, ಏನು ಮಾಡಿದರೆ ಉಳಿಯುತ್ತದೆ ಎಂದು ಮನೆಯವರಿಗೆ ಬರೆದು ಕೊಡಬೇಕು. ಫ್ರಿಜ್ಜಿನ ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆಯುವುದು. ಕಾಗದ ಸಲೀಸಾಗಿ ಬಂದರೆ ಬಾಗಿಲಿನ ರಬ್ಬರು ಸಡಿಲ, ತಂಪೆಲ್ಲ ಹೊರಗೆ ಸೋರುತ್ತಿದೆ. ಕಿಟಕಿಯ ಎಸಿ ಸುತ್ತ ಊದುಬತ್ತಿ ಹಿಡಿಯುವುದು. ಹೊಗೆ ಎತ್ತ ಬಾಗುತ್ತದೋ ಅತ್ತ ಸಂದು. ಮಾಳಿಗೆಯ ಬಿಸಿ ಎಷ್ಟು, ಫ್ಯಾನು ಎಷ್ಟು ಹಳೆಯದು, ಗೀಸರಿನ ಜಾಯಿಂಟು ಸಡಿಲಾಗಿ ಕಪ್ಪಾಗಿದೆಯೋ ಹೇಗೆ. ಮೂರು ತಿಂಗಳ ಪಾಠ, ಕೊನೆಗೆ ಒಬ್ಬರ ಮನೆಯಲ್ಲೇ ಪರೀಕ್ಷೆ. ಪಾಸಾದವರಿಗೆ ಸರ್ಟಿಫಿಕೇಟು, ಅದರ ಬೆನ್ನಿಗೇ ಕೆಲಸ.

ಆ ತಂಡದಲ್ಲಿ ಹತ್ತೊಂಬತ್ತು ಮಂದಿ. ಕೇಂದ್ರದಲ್ಲಿದ್ದ ಮೀಟರು ಹದಿನೆಂಟು. ಕಡೆಯ ಬೆಂಚಿನಲ್ಲಿ ಕೂತಿದ್ದವಳಿಗೆ ಮೀಟರು ಸಿಗಲಿಲ್ಲ, ಅವಳು ಕೇಳಲೂ ಇಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಎನ್ನುವಂತೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಬುಡ್ನೇಸಾಬರು ಅದನ್ನು ನೋಡಿದರು. ತಮ್ಮ ಸೊಂಟದ ಚೀಲ ಬಿಚ್ಚಿ ನನ್ನನ್ನು ಅವಳ ಮುಂದಿಟ್ಟರು.

ಅವಳ ಹೆಸರು ಕಸ್ತೂರಿ ಹಾದಿಮನಿ. ಉಣಕಲ್ಲಿನವಳು, ಮೂವತ್ತನಾಲ್ಕು ವರ್ಷ, ಹೊಲಿಗೆಯ ಕೆಲಸ ಮಾಡಿಕೊಂಡಿದ್ದಳು. ನನ್ನನ್ನು ಮೊದಲ ಸಲ ಎತ್ತಿದಾಗ ಅವಳ ಅಂಗೈ ಒದ್ದೆಯಾಗಿತ್ತು, ಬೆರಳು ನಡುಗುತ್ತಿತ್ತು. ಪ್ಲಗ್ಗಿನ ಹತ್ತಿರ ಹೋಗುವಾಗ ಉಸಿರು ಹಿಡಿಯುತ್ತಿದ್ದಳು. ಮುಂದಿನ ಸಾಲಿನ ಮಲ್ಲೇಶಿ ಎಂಬಾತ, ಲಾರಿ ಗ್ಯಾರೇಜಿನಲ್ಲಿ ವೈರಿಂಗು ಮಾಡಿ ಬಂದವನು, ನಗುತ್ತಾ ಹೇಳಿದ:

“ಅಕ್ಕಾರ, ಅದು ಮೀಟರ್ರೀ, ನಾಗಪ್ಪ ಅಲ್ಲ. ಹಾಲು ಎರೀಬ್ಯಾಡ್ರಿ.”

ತರಗತಿಯೆಲ್ಲ ನಕ್ಕಿತು. ಕಸ್ತೂರಿಯೂ ನಕ್ಕಳು, ಆದರೆ ನನ್ನನ್ನು ಹಿಡಿದ ಬೆರಳು ನಗಲಿಲ್ಲ.

ಅವಳ ಭಯದ ಕಾರಣ ನನಗೆ ತಿಳಿದದ್ದು ಅವಳ ಮನೆಗೆ ಹೋದ ಮೇಲೆ. ಪ್ರತಿಯೊಬ್ಬರೂ ನೆರೆಹೊರೆಯ ಹತ್ತು ಮನೆ ಅಳೆದು ಬರೆದುಕೊಂಡು ಬರಬೇಕೆಂದು ಮೀಟರುಗಳನ್ನು ಮನೆಗೆ ಕೊಟ್ಟು ಕಳಿಸಿದ್ದರು. ಆ ಮನೆಯಲ್ಲಿ ಇಬ್ಬರೇ, ಕಸ್ತೂರಿ ಮತ್ತು ಅವಳ ತಾಯಿ ಗುರುಬಸವ್ವ. ಗುರುಬಸವ್ವ ಬೆಳಿಗ್ಗೆ ಸ್ನಾನವಾದ ಮೇಲೆ ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿ ವಚನ ಹೇಳುವರು. ಓದು ಬಾರದವರು, ಮಠದಲ್ಲಿ ಕೇಳಿ ಕೇಳಿ ಬಾಯಿಗೆ ಬಂದದ್ದು. ಗೋಡೆಯ ಮಾಡದಲ್ಲಿ ಕೂತು ನಾನೂ ಕೇಳುತ್ತಿದ್ದೆ. ಅರ್ಥ ನನಗೆಷ್ಟು ತಿಳಿದೀತು! ಆದರೆ ಒಂದು ಸಾಲು ಏರಿ, ಒಂದು ಕ್ಷಣ ನಿಂತು, ಇಳಿಯುವುದನ್ನು ಕೇಳುತ್ತಿದ್ದರೆ ನನ್ನೊಳಗಿನ ಅಂಕಿಗಳು ತಾವಾಗಿ ತಣ್ಣಗಾಗುತ್ತಿದ್ದವು.

ಆ ಮನೆಯಲ್ಲಿ ಬಟ್ಟೆ ಒಣಹಾಕಲು ತಂತಿಯಿರಲಿಲ್ಲ, ಸೆಣಬಿನ ಹಗ್ಗವಿತ್ತು. ಕಸ್ತೂರಿಯ ಅಕ್ಕ ನಿಂಗವ್ವ ಎಂಟು ವರ್ಷದ ಹಿಂದೆ ತನ್ನ ಗಂಡನ ಮನೆಯ ಹಿತ್ತಲಲ್ಲಿ ಒದ್ದೆ ಸೀರೆಯನ್ನು ಕಬ್ಬಿಣದ ತಂತಿಗೆ ಹಾಕಲು ಹೋಗಿ, ಹಾಗೆಯೇ ತಂತಿ ಹಿಡಿದುಕೊಂಡು ತೀರಿಹೋಗಿದ್ದಳು. ತಗಡಿನ ಮಾಡಿಗೆ ಉಜ್ಜಿ ಉಜ್ಜಿ ಒಂದು ಹಳೆ ವೈರಿನ ಮೈ ಸವೆದಿತ್ತಂತೆ. ಕರೆಂಟು ತಗಡಿಗೆ, ತಗಡಿನಿಂದ ತಂತಿಗೆ ಹರಿದಿತ್ತು. ಸಾಯುವುದಕ್ಕೆ ಮೊದಲು ಮೂರು ತಿಂಗಳು ಆ ಮನೆಯ ಬಿಲ್ಲಿನ ಯೂನಿಟ್ಟು ಸುಮ್ಮಸುಮ್ಮನೆ ಏರುತ್ತಾ ಹೋಗಿತ್ತು. ಕರೆಂಟು ತಗಡಿನಿಂದ ಗೋಡೆಗಿಳಿದು ಸೋರುತ್ತಿತ್ತು. ಯಾಕೆ ಏರುತ್ತಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದರೂ ನೋಡಿ ಹೇಳುವವರಿರಲಿಲ್ಲ.

ಆ ನೋಡಿ ಹೇಳುವವಳಾಗಬೇಕೆಂದು ಕಸ್ತೂರಿ ಹೊಲಿಗೆ ಮಷಿನ್ನಿಗೆ ಬಟ್ಟೆ ಮುಚ್ಚಿ ಬಂದಿದ್ದಳು. ತಾಯಿ ಅಡ್ಡ ಹೇಳಲಿಲ್ಲ. ಆದರೆ ಮಗಳು ಸಂಜೆ ಮನೆಗೆ ಬರುವ ತನಕ ಹೊಸ್ತಿಲಿಂದ ಏಳುತ್ತಿರಲಿಲ್ಲ. ಮಗಳು ನನ್ನನ್ನು ಮಾಡದಲ್ಲಿಟ್ಟ ಮೇಲೆ ಅವಳ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡುವರು, ಸುಟ್ಟ ಗುರುತೇನಾದರೂ ಇದೆಯೋ ಎಂದು.

ಎರಡು ತಿಂಗಳಲ್ಲಿ ಕಸ್ತೂರಿ ಕಲಿತಳು. ಅವಳ ಕಣ್ಣು ಹೊಲಿಗೆಯ ಕಣ್ಣು. ಸಣ್ಣ ಸಂದು, ಸಣ್ಣ ಸುಕ್ಕು ತಪ್ಪುತ್ತಿರಲಿಲ್ಲ. ಯಾವ ಮನೆಯ ಫ್ರಿಜ್ಜು ಗೋಡೆಗೆ ಒತ್ತಿಕೊಂಡು ಬೆವರುತ್ತಿದೆ, ಯಾರ ಇಸ್ತ್ರಿ ಪೆಟ್ಟಿಗೆಯ ವೈರು ಬಿಸಿಯಾಗುತ್ತಿದೆ ಎಂದು ನೋಡಿದೊಡನೆ ಹೇಳುವಳು. ನನ್ನನ್ನು ಮಾತ್ರ ಮೂರು ಸಲ ಮುಟ್ಟಿಸದೆ ಎಲ್ಲಿಯೂ ಕೈ ಹಾಕುತ್ತಿರಲಿಲ್ಲ. ಉಳಿದವರು ಬುಡ್ನೇಸಾಬರ ಎದುರಿಗೆ ಮೂರು ಸಲ, ಅವರು ಅತ್ತ ತಿರುಗಿದರೆ ಒಂದೇ ಸಲ. ಕಸ್ತೂರಿ ಇದ್ದಲ್ಲಿ ಮುಟ್ಟಿ, ಬೇಕಾದಲ್ಲಿ ಮುಟ್ಟಿ, ಮತ್ತೆ ಇದ್ದಲ್ಲಿಗೆ ಹೋಗಿ ಮುಟ್ಟಿ ಬರುವಷ್ಟರಲ್ಲಿ ಮಲ್ಲೇಶಿ ತನ್ನ ಕೆಲಸ ಮುಗಿಸಿ ಚಹಾ ಕುಡಿದಿರುತ್ತಿದ್ದ. “ನಮ್ಮ ಅಕ್ಕಾರು ಆರತಿ ಬೆಳಗಿ ಬರೂತನಾ ಪರೀಕ್ಷಾ ಮುಗದಿರ್ತೇತಿ” ಎನ್ನುತ್ತಿದ್ದ. ಅದು ಕುಚೋದ್ಯವೇ ಆದರೂ ಮಾತು ನಿಜವಾಗಿತ್ತು. ಅಭ್ಯಾಸದ ಮೂರು ಪರೀಕ್ಷೆಯಲ್ಲಿ ಮೂರರಲ್ಲೂ ಅವಳಿಗೆ ಸಮಯ ಸಾಲಲಿಲ್ಲ. ಕಡೆಯ ಪರೀಕ್ಷೆಯಲ್ಲಿಯೂ ಹೀಗೇ ಆದರೆ ಮೂರು ತಿಂಗಳೂ ನೀರಲ್ಲಿ ಹೋದಂತೆ ಎಂದು ಅವಳಿಗೆ ಗೊತ್ತಿತ್ತು. ಹೆದರಿಕೆ ಬಿಡಬೇಕು, ಹೆದರಿಕೆ ಬಿಡಬೇಕು ಎಂದು ಅವಳು ತನಗೇ ಹೇಳಿಕೊಳ್ಳುವುದನ್ನು ನಾನು ಅವಳ ಚೀಲದೊಳಗಿಂದ ಕೇಳುತ್ತಿದ್ದೆ.

ಹೀಗಿರುವಾಗ ಖಂಡೆ ಪೂಜೆ ಬಂತು. ಮಹಾನವಮಿಯ ಆ ದಿನ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಕುಡುಗೋಲು, ಕತ್ತರಿ, ತಕ್ಕಡಿ, ಸೈಕಲ್ಲು, ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚಿ, ಹೂವೇರಿಸಿ, ಅಂದು ಅವುಗಳಿಂದ ಕೆಲಸ ತೆಗೆಯದೆ ಬಿಡುತ್ತಾರೆ. ಗುರುಬಸವ್ವ ಹೊಲಿಗೆ ಮಷಿನ್ನನ್ನು ಪೂಜಿಸಿದರು. ಕತ್ತರಿ, ಟೇಪು ಪೂಜಿಸಿದರು. ಆಮೇಲೆ ನನ್ನನ್ನು ಮಾಡದಿಂದ ಇಳಿಸಿ ಮಣೆಯ ಮೇಲೆ ಕೂರಿಸಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಒದ್ದೆ ಬಟ್ಟೆಯಿಂದ ನನ್ನ ಮೈ ಒರೆಸಿದರು. ಕಡ್ಡಿಗಳನ್ನು ತೂತಿನಿಂದ ಕಿತ್ತು, ಅವನ್ನೂ ಒರೆಸಿ ಪಕ್ಕಕ್ಕಿಟ್ಟರು. ಬಟ್ಟಲಲ್ಲಿ ವಿಭೂತಿಯನ್ನು ನೀರು ಹಾಕಿ ಗಟ್ಟಿಯಾಗಿ ತೇದಿದ್ದರು. ನನ್ನ ಹಣೆಗೆ ಮೂರು ಬೆರಳಿನಿಂದ ಎಳೆದರು. ಬಾಯಿಯ ಎರಡೂ ತುಟಿಗೆ ಎಳೆದರು. ಆಮೇಲೆ ನನ್ನ ಕೆಳಗಿನ ಎರಡು ತೂತು ಕಂಡಿತು. ಮಗಳ ಪ್ರಾಣ ಕಾಯುವ ಈ ಪ್ರಾಣಿಗೆ ಇವೇ ಕಿವಿ ಇರಬೇಕು ಎಂದುಕೊಂಡರೋ ಏನೋ, ಒಂದೊಂದು ತೂತಿನ ಹತ್ತಿರವೂ ಬಾಯಿ ತಂದು ಮೆಲ್ಲಗೆ ಹೇಳಿದರು:

“ನನ್ನ ಒಂದು ಕೂಸು ಹೋಗೇತಪಾ. ಇದೊಂದನ್ನ ನಿನ್ನ ಕೈಯಾಗ ಕೊಟ್ಟೇನಿ.”

ಹೇಳಿ, ಎರಡೂ ತೂತಿನೊಳಗೆ ಬೆರಳ ತುದಿಯಿಂದ ವಿಭೂತಿ ಒತ್ತಿ ಒತ್ತಿ ತುಂಬಿದರು.

ಕಸ್ತೂರಿ ಒಳಗಿನಿಂದ ಬಂದು, ನಮಸ್ಕಾರ ಮಾಡಿ, ಕಡ್ಡಿಗಳನ್ನು ಮತ್ತೆ ತೂತಿಗೆ ಸಿಕ್ಕಿಸಿದಳು. ಹಸಿ ವಿಭೂತಿ ಪಿನ್ನಿನ ಸುತ್ತ ಹರಡಿ ಒಳಕ್ಕೆ ಸರಿಯಿತು. ಹೊರಗೆ ಉಳಿದದ್ದನ್ನು ಅವಳು ಸೆರಗಿನಿಂದ ಒರೆಸಿದಳು. ಒಳಗಿನದು ಅವಳಿಗೆ ಕಾಣಲಿಲ್ಲ.

ಮರುದಿನ ಬನ್ನಿ ಹಂಚುವ ವಿಜಯದಶಮಿ. ಅದರ ಮರುದಿನ ಭಾನುವಾರ. ಆ ಎರಡು ದಿನವೂ ನನ್ನನ್ನು ಯಾರೂ ಮುಟ್ಟಲಿಲ್ಲ. ವಿಭೂತಿ ಒಣಗುತ್ತಾ ಬಂತು. ಸುಣ್ಣದಂತೆ ಬಿಗಿಯಿತು. ನನ್ನ ಪಿನ್ನಿಗೂ ನನ್ನ ಒಳಮೈಗೂ ನಡುವೆ ಬಿಳಿಯ ತೆಳು ಗೋಡೆ ಎದ್ದಿತು. ಕಡ್ಡಿ ಎಲ್ಲಿ ಮುಟ್ಟಿದರೂ ಇನ್ನು ನನಗೆ ಏನೂ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾಯಿತು. ಕೇಳಿಸದಿದ್ದರೆ ನಾನು ಸುಮ್ಮನಿರುವುದಿಲ್ಲ, ಸೊನ್ನೆ ಎನ್ನುತ್ತೇನೆ. ಹಾಗೆ ನನ್ನನ್ನು ಮಾಡಿದ್ದಾರೆ. ಕಿವುಡಾದ ಮೀಟರೂ ಸೊನ್ನೆ ತೋರಿಸುತ್ತದೆ, ಕರೆಂಟಿಲ್ಲದ ವೈರು ಮುಟ್ಟಿದ ಒಳ್ಳೆಯ ಮೀಟರೂ ಸೊನ್ನೆ ತೋರಿಸುತ್ತದೆ. ಎರಡು ಸೊನ್ನೆಗೂ ಮುಖ ಒಂದೇ.

ಸೋಮವಾರ ಬೆಳಿಗ್ಗೆ ಗುರುಬಸವ್ವ ಎಂದಿನಂತೆ ಕಣ್ಣು ಮುಚ್ಚಿ ವಚನ ಹೇಳುತ್ತಿದ್ದರು. ಅಂದು ನನ್ನೊಳಗೆ ಏನೂ ತಣ್ಣಗಾಗಲಿಲ್ಲ. ಆ ತಾಯಿಯ ಬೆರಳಲ್ಲಿ ತಪ್ಪಿರಲಿಲ್ಲ, ಆ ವಿಭೂತಿಯಲ್ಲಿಯೂ ತಪ್ಪಿರಲಿಲ್ಲ. ಯಾರ ತಪ್ಪೂ ಇಲ್ಲದೆ ಒಂದು ಜೀವ ಹೋಗುವ ದಾರಿ ತೆರೆದಿತ್ತು. ನನಗೆ ಬಾಯಿಯಿದ್ದೂ ಮಾತಿರಲಿಲ್ಲ. ಕಸ್ತೂರಿ ನನ್ನನ್ನು ಚೀಲಕ್ಕೆ ಹಾಕಿಕೊಂಡಳು. ಚೀಲದೊಳಗಿನ ಕತ್ತಲಲ್ಲಿ ನಾನು ನನಗೆ ಗೊತ್ತಿದ್ದ ಒಂದೇ ಪ್ರಾರ್ಥನೆ ಮಾಡಿದೆ, ಇಂದು ನನ್ನನ್ನು ಮೂರು ಸಲ ಮುಟ್ಟಿಸಲಿ.

ಪರೀಕ್ಷೆಗೆ ಗೊತ್ತು ಮಾಡಿದ್ದು ದೇಶಪಾಂಡೆ ಎಂಬುವರ ಹಳೆ ಮನೆ. ಮನೆಯ ಯಜಮಾನಿ ಶಾರದಾಬಾಯಿ ಎಪ್ಪತ್ತರ ಮಾತುಗಾರ್ತಿ. ಹೊರ ಊರಿನಿಂದ ಬಂದ ಪರೀಕ್ಷಕ ಹೇರೂರ ಎಂಬವರು ಕೈಗಡಿಯಾರವನ್ನು ಬಿಚ್ಚಿ ಟೀಪಾಯಿಯ ಮೇಲಿಟ್ಟಿದ್ದರು. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಆ ವಾರವಿಡೀ ಬೇರೆ ಬೇರೆ ಮನೆಗಳಲ್ಲಿ ಪರೀಕ್ಷೆ. ಈ ಮನೆಯಲ್ಲಿ ಮಲ್ಲೇಶಿ ಮತ್ತು ಕಸ್ತೂರಿ. ಮಲ್ಲೇಶಿಗೆ ಪಡಸಾಲೆ, ಮಲಗುವ ಕೋಣೆ ಕೊಟ್ಟಿದ್ದರು. ಅವನು ಇಪ್ಪತ್ತೆಂಟು ನಿಮಿಷಕ್ಕೆ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಕಸ್ತೂರಿಗೆ ಅಡಿಗೆಮನೆ, ಬಚ್ಚಲುಮನೆ.

ಫ್ರಿಜ್ಜಿನ ಬಾಗಿಲಿಗೆ ಕಾಗದ ಸಿಕ್ಕಿಸಿ ಅವಳು ನಾಲ್ಕೂ ಕಡೆ ಎಳೆದು ನೋಡಿದಳು. “ನಮ್ಮ ಫ್ರಿಜ್ಜಿಗೆ ಏನು ಚೀಟಿ ಕಟ್ಟಲಿಕ್ಕೆ ಹತ್ತೀಯ ತಂಗಿ? ದೃಷ್ಟಿ ಆಗೇದೇನು?” ಎಂದು ಶಾರದಾಬಾಯಿ ಕೇಳಿದರು. ಅವರಿಗೆ ಎಲ್ಲವನ್ನೂ ವಿವರಿಸಿ ಹೇಳುವುದರಲ್ಲಿ ಹತ್ತು ನಿಮಿಷ ಹೋಯಿತು. ಅಡಿಗೆಮನೆ ಮುಗಿಯುವಾಗ ಮೂವತ್ತು ನಿಮಿಷವಾಗಿತ್ತು. ಹೇರೂರ ಸರ್ ಗಡಿಯಾರದ ಕಡೆ ನೋಡಿದರು. ಕಸ್ತೂರಿಯೂ ಅದನ್ನು ನೋಡಿದಳು. ಅವಳ ಅಂಗೈ ಒದ್ದೆಯಾದದ್ದು ನನ್ನ ಮೈಗೆ ತಾಗಿತು.

ಬಚ್ಚಲುಮನೆಯ ಗೀಸರು ಹಳೆಯದು, ಅದರ ದೀಪ ಎಂದೋ ಕೆಟ್ಟಿತ್ತು. ನೀರು ಕಾಯಲು ಹೊತ್ತು ಹಿಡಿಯುತ್ತದೆ ಎಂದು ಮನೆಯವರ ದೂರು. ಜಾಯಿಂಟು ಸಡಿಲವಾಗಿ ಸುಟ್ಟಿರಬೇಕು. ವೈರು ಕೂಡುವ ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು. ಕಸ್ತೂರಿ ನಡುಮನೆಯ ಬೋರ್ಡಿಗೆ ಹೋಗಿ, ಗೀಸರ್ ಎಂದು ಚೀಟಿ ಅಂಟಿಸಿದ್ದ ಸ್ವಿಚ್ಚನ್ನು ಆರಿಸಿ ಬಂದಳು. ಹಿಂದಿನ ವರ್ಷ ಬೋರ್ಡು ಬದಲಿಸಿದವನು ಚೀಟಿಗಳನ್ನು ಅದಲುಬದಲು ಅಂಟಿಸಿದ್ದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಆರಿಸಿದ್ದು ನೀರಿನ ಮೋಟಾರನ್ನು. ಗೀಸರಿನ ವೈರಿನಲ್ಲಿ ಕರೆಂಟು ಹಾಗೆಯೇ ಇತ್ತು.

ಮುಚ್ಚಳ ತೆಗೆದಳು. ಒಳಗೆ ಕಪ್ಪಾದ ಜಾಯಿಂಟು. ಈಗ ನನ್ನನ್ನು ಮೊದಲು ಇದ್ದಲ್ಲಿ ಮುಟ್ಟಿಸಬೇಕಿತ್ತು. ಅದಕ್ಕೆ ಅಡಿಗೆಮನೆಯ ಪ್ಲಗ್ಗಿಗೆ ಹೋಗಬೇಕು, ಹೋಗಿ ಬರಬೇಕು. ಅವಳು ಒಂದು ಹೆಜ್ಜೆ ಅತ್ತ ಇಟ್ಟಳು. ಹೇರೂರ ಸರ್ ಬಾಗಿಲಲ್ಲಿ ನಿಂತು, ಇನ್ನು ಆರು ನಿಮಿಷ ಎಂದರು. ಆ ಹೆಜ್ಜೆ ಹಿಂದಕ್ಕೆ ಬಂತು.

ಅವಳು ಮೊದಲನೆಯದನ್ನು ಬಿಟ್ಟಳು. ನೇರವಾಗಿ ಎರಡು ಕಡ್ಡಿಯನ್ನೂ ಆ ಕಪ್ಪು ಜಾಯಿಂಟಿಗೆ ಮುಟ್ಟಿಸಿದಳು.

ಅಷ್ಟು ಹತ್ತಿರ ಅಷ್ಟು ಕರೆಂಟಿತ್ತು. ನನ್ನ ಕಡ್ಡಿಯ ಮೊನೆಗೆ ಬಂತು, ವೈರಿನುದ್ದಕ್ಕೂ ಬಂತು, ನನ್ನ ಬಾಗಿಲ ತನಕ ಬಂದು ಆ ಬಿಳಿ ಗೋಡೆಯಾಚೆ ನಿಂತಿತು. ನನ್ನ ಎದೆಯ ಮೇಲೆ ಸೊನ್ನೆ ಮೂಡಿತು. ನಾನು ಮೂಡಿಸಿದ್ದಲ್ಲ ಎನ್ನಲೇ? ನನ್ನ ಎದೆಯ ಮೇಲೆಯೇ ಮೂಡಿತು.

“ಸೊನ್ನಿ ಐತಲ್ಲ, ಬಿಚ್ರಿ” ಎಂದರು ಹೇರೂರ ಸರ್.

ಕಸ್ತೂರಿ ನನ್ನನ್ನು ಕೆಳಗಿಟ್ಟಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಬಲಗೈ ಎತ್ತಿ ಆ ಜಾಯಿಂಟಿನ ಕಡೆ ಚಾಚಿದಳು. ನಾನು ನೆಲದಿಂದ ಅವಳ ಬೆರಳನ್ನೇ ನೋಡುತ್ತಿದ್ದೆ. ನಾಲ್ಕು ಬೆರಳಿನಷ್ಟು ದೂರ. ಮೂರು ಬೆರಳಿನಷ್ಟು. ಆಮೇಲೆ ಒಂದು.

ಅಲ್ಲಿ ಅವಳ ಕೈ ನಿಂತಿತು. ಅವಳಿಗೆ ಏನೂ ಗೊತ್ತಿರಲಿಲ್ಲ, ಚೀಟಿಯ ಸಂಗತಿಯಾಗಲಿ ನನ್ನ ಕಿವುಡಾಗಲಿ. ಬರೀ ಹೆದರಿಕೆಯಾಗಿತ್ತು. ಬಿಡಬೇಕು ಬಿಡಬೇಕು ಎಂದು ಎರಡು ತಿಂಗಳು ಬೈದುಕೊಂಡರೂ ಬಿಟ್ಟುಹೋಗದ ಅದೇ ಹೆದರಿಕೆ. ಕೈ ಹಿಂದಕ್ಕೆ ತೆಗೆದು, ನನ್ನನ್ನು ಎತ್ತಿಕೊಂಡು, ತಲೆ ಎತ್ತದೆ ಹೇಳಿದಳು:

“ಸರ್, ಮೂರನೇದು ಮುಟ್ಟಿಸಿ ಬರ್ತೇನ್ರಿ. ಬೇಕಾದ್ರ ಫೇಲ್ ಮಾಡ್ರಿ.”

ಅಡಿಗೆಮನೆಯಲ್ಲಿ ಶಾರದಾಬಾಯಿ ಮಿಕ್ಸರಿನಲ್ಲಿ ಚಟ್ನಿ ಅರೆಯುತ್ತಿದ್ದರು. ಮಿಕ್ಸರಿನ ಪಕ್ಕದ ಪ್ಲಗ್ಗಿಗೆ ಕಸ್ತೂರಿ ನನ್ನ ಕಡ್ಡಿ ಚುಚ್ಚಿದಳು. ನಾನು ಸೊನ್ನೆ ಎಂದೆ. ಮಿಕ್ಸರು ಗುರ್ರೆನ್ನುತ್ತಿತ್ತು. ಅವಳು ಮಿಕ್ಸರನ್ನು ಕಿತ್ತು ಅದೇ ಪ್ಲಗ್ಗಿಗೆ ನನ್ನನ್ನು ಚುಚ್ಚಿದಳು. ಸೊನ್ನೆ. ಅವಳು ನನ್ನ ಮುಖ ನೋಡಿದಳು. ನನ್ನ ಆಯುಷ್ಯದಲ್ಲಿ ಯಾರೂ ನನ್ನನ್ನು ಹಾಗೆ ನೋಡಿದ್ದಿಲ್ಲ. ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತಳು.

“ಯಾಕ ತಂಗಿ, ಏನಾತು?” ಎಂದು ಶಾರದಾಬಾಯಿ ಬಗ್ಗಿದರು.

“ಇದಕ್ಕ ಏನೂ ತಿಳೀವಲ್ದರೀ” ಎಂದಳು ಕಸ್ತೂರಿ. “ಗೀಸರ್ ಯಾರೂ ಮುಟ್ಟಬ್ಯಾಡ್ರಿ.”

ಹೇರೂರ ಸರ್ ತಮ್ಮ ಮೀಟರು ತಂದು ಗೀಸರಿನ ಜಾಯಿಂಟಿಗೆ ಹಿಡಿದರು. ಇನ್ನೂರ ಮೂವತ್ತೆಂಟು. ಇನ್ನೊಮ್ಮೆ ಹಿಡಿದರು. ಮನೆಯ ದೊಡ್ಡ ಸ್ವಿಚ್ಚನ್ನೇ ಆರಿಸಿ ಬಂದು ನಡುಮನೆಯ ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಬಿಚ್ಚಿ ಎಂದವರು ಅವರೇ. ಸಮಯದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನೀರು ಕುಡಿದ ಮೇಲೆ, ಮೊದಲನೆಯ ಸಲ ಯಾಕೆ ಬಿಟ್ಟಿರಿ ಎಂದು ಮಾತ್ರ ಕೇಳಿದರು.

ಅವಳು ಗಡಿಯಾರವನ್ನು ದೂರಬಹುದಿತ್ತು. ಅವರ ಮಾತನ್ನು ಅವರಿಗೇ ತಿರುಗಿಸಬಹುದಿತ್ತು. “ಹೆದರಿಕಿ ಇಲ್ಲದಾಕಿ ಹಂಗ ಕಾಣಬೇಕಂತ ಬಿಟ್ಟೆ ಸರ್” ಎಂದಳು.

ಅವರು ಕಾಗದದ ಮೇಲೆ ಬರೆದರು. ಪಾಸು ಬರೆಯಲಿಲ್ಲ. ಸುರಕ್ಷತೆಯ ಮೊದಲ ಹೆಜ್ಜೆ ಬಿಟ್ಟವರನ್ನು ಪಾಸು ಮಾಡುವಂತಿಲ್ಲ, ಒಂದು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆಗೆ ಬನ್ನಿ ಎಂದರು. ಬರಲೇಬೇಕು ಎಂದು ಎರಡು ಸಲ ಹೇಳಿದರು. ಹೊರಗೆ ಕಟ್ಟೆಯ ಮೇಲೆ ಮಲ್ಲೇಶಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎದ್ದು ನಿಂತು ಅವಳ ಚೀಲವನ್ನು ತಾನೇ ಹೊತ್ತುಕೊಂಡು ಬಸ್ಸಿನ ತನಕ ಬಂದ. ದಾರಿಯುದ್ದಕ್ಕೂ ಒಂದು ತಮಾಷೆಯನ್ನೂ ಮಾಡಲಿಲ್ಲ. ಬಸ್ಸು ಬಂದಾಗ, ಅಂದು ತಾನು ಎಲ್ಲಿಯೂ ಮೂರು ಸಲ ಮುಟ್ಟಿಸಿರಲಿಲ್ಲ, ಆ ಬಚ್ಚಲುಮನೆ ತನಗೆ ಬಂದಿದ್ದರೆ ಎಂದು ಶುರುಮಾಡಿ ನಿಲ್ಲಿಸಿಬಿಟ್ಟ.

ಕೇಂದ್ರದಲ್ಲಿ ಬುಡ್ನೇಸಾಬರು ನನ್ನನ್ನು ಕೈಗೆ ತೆಗೆದುಕೊಂಡು ಕಡ್ಡಿ ಕಿತ್ತರು. ಪಿನ್ನಿಗೆ ಅಂಟಿ ಬಂದ ಬಿಳಿ ಪುಡಿಯನ್ನು ಬೆರಳಿನಿಂದ ತಿಕ್ಕಿದರು, ಮೂಸಿದರು. ಅವರಿಗೆ ತಿಳಿಯಿತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಸುಣ್ಣ ಕೆರೆದ ಹಾಗೆ ಕೆರೆದು ಕೆರೆದು ನನ್ನ ಕಿವಿ ಬಿಡಿಸಿದರು. ಕಸ್ತೂರಿ ಎದುರಿಗೆ ಕೂತು ಆ ಬಿಳಿ ಪುಡಿ ಕಾಗದದ ಮೇಲೆ ಉದುರುವುದನ್ನು ನೋಡುತ್ತಿದ್ದಳು. ಅವಳಿಗೂ ತಿಳಿದಿತ್ತು. ಅವಳ ಕಣ್ಣಿನಿಂದ ನೀರಿಳಿಯಿತು, ಸದ್ದು ಬರಲಿಲ್ಲ.

“ನಿಮ್ಮವ್ವಗ ಹೇಳಬ್ಯಾಡ” ಎಂದರು ಬುಡ್ನೇಸಾಬರು. “ಬರೂ ವರ್ಷ ಚೀಲಕ್ಕ ಹಚ್ಚು ಅನ್ನು.”

ಆ ಪುಡಿಯನ್ನು ಅವರು ಕಸದ ಬುಟ್ಟಿಗೆ ಹಾಕಲಿಲ್ಲ. ಕಾಗದದಲ್ಲಿ ಮಡಚಿ ಅವಳ ಕೈಯಲ್ಲಿಟ್ಟರು. ಅವಳು ದಾರಿಯಲ್ಲಿ ಅದನ್ನು ಒಂದು ತುಳಸಿಯ ಬುಡಕ್ಕೆ ಹಾಕಿದಳು.

ಸಂಜೆ ಗುರುಬಸವ್ವ ಹೊಸ್ತಿಲ ಮೇಲೆ ಕೂತಿದ್ದರು. ಮಗಳ ಮುಖ ನೋಡಿ, ಪಾಸಾಯಿತೇ ಎಂದು ಕೇಳಲು ಹೋಗಲಿಲ್ಲ. ಅಂಗೈ ತಿರುಗಿಸಿ ನೋಡಿದರು. ಇಲ್ಲವ್ವ, ಇನ್ನೊಮ್ಮೆ ಹೋಗಬೇಕು ಎಂದು ಅವಳಾಗಿ ಹೇಳಿದಳು.

“ಹೋಗಲೇಳು. ಅದು ನಿನ್ನ ಕಾಯ್ತೋ ಇಲ್ಲೋ?” ಎಂದು ತಾಯಿ ನನ್ನ ಕಡೆ ಕೈ ತೋರಿಸಿ ಕೇಳಿದರು.

ಕಸ್ತೂರಿ ನನ್ನನ್ನು ಮಾಡದಲ್ಲಿಡುತ್ತಾ, “ಕಾಯ್ತವ್ವ” ಎಂದಳು.

ಒಂದು ತಿಂಗಳ ಮೇಲೆ ಬೇರೊಂದು ಮನೆಯಲ್ಲಿ ಅವಳು ಪಾಸಾದಳು. ನಲವತ್ತು ನಿಮಿಷಕ್ಕೆ ಮುಗಿಸಲಿಲ್ಲ, ನಲವತ್ತಾರು ಹಿಡಿಯಿತು. ಹೇರೂರ ಸರ್ ಗಡಿಯಾರ ಬಿಚ್ಚಿರಲಿಲ್ಲ. ಬುಡ್ನೇಸಾಬರು ನನ್ನನ್ನು ವಾಪಸು ಕೇಳಲಿಲ್ಲ. ಆಮೇಲೆ ಒಂಬತ್ತು ವರ್ಷ ನಾನು ಅವಳ ಸಂಗಡ ಓಣಿ ಓಣಿ ತಿರುಗಿದೆ. ನವನಗರದ ದೊಡ್ಡ ಮನೆಗಳು, ಹಳೇ ಪೇಟೆಯ ಒಂದು ಕೋಣೆಯ ಮನೆಗಳು. ಖಂಡೆ ಪೂಜೆಗೆ ನನ್ನನ್ನು ಚೀಲದೊಳಗಿಟ್ಟು ಕೊಟ್ಟರೆ, ಗುರುಬಸವ್ವ ಚೀಲಕ್ಕೇ ವಿಭೂತಿ ಹಚ್ಚಿ, ಚೀಲದ ಹತ್ತಿರವೇ ಬಾಯಿ ತಂದು ಹೇಳುವುದನ್ನು ಹೇಳುವರು. ಅವಳು ಒಮ್ಮೆ ಒಂದು ಮನೆಯ ತಗಡಿನ ಮಾಡಿನಲ್ಲಿ ಮೈ ಸವೆದ ವೈರನ್ನು ಕಂಡುಹಿಡಿದಳು. ಆ ಮನೆಯ ಯೂನಿಟ್ಟೂ ಸುಮ್ಮಸುಮ್ಮನೆ ಏರುತ್ತಿತ್ತು. ಅಂದು ವೈರು ಬದಲಾಗುವ ತನಕ ಅವಳು ಆ ಅಂಗಳ ಬಿಟ್ಟು ಕದಲಲಿಲ್ಲ, ಆ ಮನೆಯ ಸೊಸೆಗೆ ಬಟ್ಟೆ ಒಣಹಾಕಲು ಬಿಡಲಿಲ್ಲ.

ನನಗೆ ಮಾತ್ರ ಆ ಸೋಮವಾರದಿಂದ ಈಚೆಗೆ ನೆಮ್ಮದಿ ಇರಲಿಲ್ಲ. ಸೊನ್ನೆ ತೋರಿಸುವಾಗಲೆಲ್ಲ ಇದು ಯಾವ ಸೊನ್ನೆ ಎಂದು ನನಗೇ ಅನುಮಾನ. ನಿಜವಾದ ಸೊನ್ನೆಗೂ ನಾನು ನಡುಗುತ್ತಿದ್ದೆ. ಅವಳು ಮೂರನೆಯ ಸಲ ಮುಟ್ಟಿಸಿ, ನಾನು ಇದೆ ಎಂದ ಮೇಲೆಯೇ ನಮ್ಮಿಬ್ಬರಿಗೂ ಉಸಿರು ಬರುತ್ತಿತ್ತು.

ಈಗ ನನಗೆ ವಯಸ್ಸಾಯಿತು. ಬಾಯಿಯ ಸ್ಪ್ರಿಂಗು ಸಡಿಲಾಗಿದೆ, ಎದೆಯ ಗಾಜಿನಲ್ಲಿ ಎಂಟು ಆರಿನಂತೆ ಕಾಣುತ್ತದೆ. ಹೋದ ತಿಂಗಳು ಕಸ್ತೂರಿ ಹೊಸ ಮೀಟರು ತಂದಳು. ಅಂದು ಮಧ್ಯಾಹ್ನ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನಿನ ಮುಚ್ಚಳ ಬಿಚ್ಚಿ, ಬ್ಯಾಟರಿ ತೆಗೆದಳು. ಒಳಗೇ ಬಿಟ್ಟರೆ ಸೋರಿ ನನ್ನನ್ನು ತಿಂದುಹಾಕುತ್ತದಂತೆ. ಕಡ್ಡಿಗಳನ್ನು ಸುತ್ತಿ ಪಕ್ಕಕ್ಕಿಟ್ಟಳು. ನನ್ನ ಗಾಜು ಆರಿತು.

ಆ ಕ್ಷಣಕ್ಕೆ ನಾನು ಎಷ್ಟು ವರ್ಷದಿಂದ ಹೆದರಿದ್ದೆನೋ! ಮೀಟರಿಗೆ ಸಾವೆಂದರೆ ಅದೇ ಎಂದುಕೊಂಡಿದ್ದೆ. ಆದರೆ ಗಾಜು ಆರಿದ ಮೇಲೆ ಅಲ್ಲಿ ಯಾವ ಅಂಕಿಯೂ ಉಳಿಯಲಿಲ್ಲ, ಸೊನ್ನೆ ಕೂಡ. ಬರೀ ಗಾಜು. ಇನ್ನು ಯಾರಾದರೂ ನನ್ನನ್ನು ಯಾವ ವೈರಿಗೆ ಹಿಡಿದರೂ ನಾನು ಇದೆ ಎನ್ನಲಾರೆ, ಇಲ್ಲ ಎಂದೂ ಎನ್ನಲಾರೆ. ಹುಟ್ಟಿದ ದಿನದಿಂದ ಹೊತ್ತದ್ದು ಒಂದೇ ಸಲಕ್ಕೆ ಇಳಿಯಿತು.

ಬೆಳಿಗ್ಗೆ ಹೊಸದು ಅವಳ ಚೀಲದಲ್ಲಿ ಕೂತು ಹೊರಡುತ್ತದೆ. ಬಾಗಿಲು ದಾಟುವ ಮೊದಲು ಕಸ್ತೂರಿ ಅದನ್ನು ನಮ್ಮ ಮನೆಯ ಪ್ಲಗ್ಗಿಗೆ ಒಮ್ಮೆ ಮುಟ್ಟಿಸಿ ನೋಡುತ್ತಾಳೆ. ಅದು ಇನ್ನೂ ಎಳೆಯದು, ತನ್ನನ್ನು ನಂಬುವುದಿಲ್ಲವಲ್ಲ ಎಂದು ಅದಕ್ಕೆ ಬೇಸರವಿದ್ದೀತು. ನಾನು ಮಾಡದಲ್ಲಿ ಮಲಗಿ ಅವಳ ಹೆಜ್ಜೆ ಓಣಿಯ ತಿರುವಿನ ತನಕ ಕೇಳಿಸಿಕೊಳ್ಳುತ್ತೇನೆ.